ಕಳಾವರ್ ಎಕ್ಕ

ಮಾಡಿದ್ದು ಭಟ್ಟಿಯಣ್ಣನೇ. ಇದನ್ನು ಮೊದಲೇ ಹೇಳಿಬಿಡೋಣ. ಯಾರು ಮಾಡಿರಬಹುದು ಅಂತ ಕೊನೆಯವರೆಗೂ ನಿಮ್ಮ ತಲೆ ಕೆರೆಸಿ ಆಮೇಲೆ ಗುಟ್ಟು ಬಿಚ್ಚುವ ಕಥೆ ಇದಲ್ಲ. ಮಾಡಿದ್ದು ಅವನು, ಅದು ಗೊತ್ತಿದ್ದದ್ದೂ ಅವನೊಬ್ಬನಿಗೇ. ಫಜೀತಿಯೆಲ್ಲ ಅಲ್ಲಿಂದಲೇ ಶುರುವಾದದ್ದು.

ಮಾಡಿದ್ದಾದರೂ ಏನು ಅಂತೀರಿ? ಒಂದು ಗಾಜಿನ ಜಾಡಿಯೊಳಗಿನ ಹುಳಿಹಿಟ್ಟನ್ನು ಸುಟ್ಟದ್ದು. ಅಯ್ಯೋ, ಇಷ್ಟೇನಾ ಅನ್ನಬೇಡಿ. ಅವನು ಓವನ್ನು ನೋಡಿಕೊಳ್ಳುತ್ತಿದ್ದ ಬೇಕರಿಯ ಬ್ರೆಡ್ಡು ಅಂಗಡಿಯಲ್ಲಿ ಸಿಗುವ ಈಸ್ಟ್ ಪುಡಿಯಿಂದ ಉಬ್ಬುತ್ತಿದ್ದದ್ದಲ್ಲ. ಯಜಮಾನರ ಹೆಂಡತಿ ಮದುವೆಯಾಗಿ ಬಂದ ವರ್ಷ ಹಿಟ್ಟು ನೀರು ಕಲಸಿಟ್ಟು, ದಿನಾ ಕಾದು, ಹುಳಿ ಬರಿಸಿದ ಹಿಟ್ಟು ಅದು. ದಿನಾ ಅದರಲ್ಲಿ ಅರ್ಧ ತೆಗೆದು ಬ್ರೆಡ್ಡಿಗೆ ಹಾಕಬೇಕು, ಉಳಿದರ್ಧಕ್ಕೆ ಹೊಸ ಹಿಟ್ಟು, ಹೊಸ ನೀರು ಉಣಿಸಬೇಕು. ಆಕೆ ತೀರಿಕೊಂಡು ಎಷ್ಟೋ ವರ್ಷಗಳಾದರೂ ಜಾಡಿ ಮಾತ್ರ ಗುಳುಗುಳು ಅಂತ ಉಸಿರಾಡುತ್ತಲೇ ಇತ್ತು. ಕೆಲಸದವರು ಅದಕ್ಕೆ 'ಅಮ್ಮಾವ್ರು' ಅಂತಲೇ ಹೆಸರಿಟ್ಟಿದ್ದರು. "ಅಮ್ಮಾವ್ರಿಗೆ ಊಟ ಆಯ್ತಾ?" "ಇವತ್ತು ಅಮ್ಮಾವ್ರು ಯಾಕೋ ಸಪ್ಪಗಿದಾರೆ." ಯಜಮಾನರು ಕೇಳಿಸಿಯೂ ಕೇಳಿಸದ ಹಾಗೆ ಇದ್ದುಬಿಡುತ್ತಿದ್ದರು. ಸ್ವಲ್ಪ ತೆಗೆದು ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡೋಣ, ಆಪತ್ತಿಗಾಗುತ್ತೆ ಅಂತ, ಗಲ್ಲಾದಲ್ಲಿ ಕೂತು ದುಡ್ಡು ಎಣಿಸುವ ಗಲ್ಲಾದಕ್ಕ ಒಂದು ಸಲ ಹೇಳಿದ್ದಕ್ಕೆ, "ಯಾಕೆ, ನನಗೆ ಎರಡನೇ ಹೆಂಡ್ತಿ ಕಟ್ಟೋ ಆಲೋಚನೆಯಾ?" ಅಂತ ಕೇಳಿ ಅವಳ ಬಾಯಿ ಮುಚ್ಚಿಸಿದ್ದರು. ಹಾಗಾಗಿ ಇದ್ದದ್ದು ಅದೊಂದೇ ಜಾಡಿ.

ಚಳಿ ಜೋರಾದ ದಿನಗಳಲ್ಲಿ ಜಾಡಿಯನ್ನು ಮೂರು ಓವನ್ನುಗಳಲ್ಲಿ ಎಲ್ಲಕ್ಕಿಂತ ಚಿಕ್ಕದರ ಒಳಗಿಡುವುದು ರೂಢಿ. ಓವನ್ನು ಹಚ್ಚುವಂತಿಲ್ಲ. ಒಳಗಿನ ಬಲ್ಬು ಮಾತ್ರ ಉರಿಯುತ್ತಿರಬೇಕು, ಅಷ್ಟು ಕಾವು ಸಾಕು. ಗುರುತಿಗೆ ಅಂತ ಓವನ್ನಿನ ತಿರುಗಣೆಗೆ ಒಂದು ಕೆಂಪು ಬಟ್ಟೆ ಚೂರು ಕಟ್ಟಿರುತ್ತಿದ್ದರು. ಅದನ್ನು ಕಂಡವರು ಕೈ ಹಾಕುತ್ತಿರಲಿಲ್ಲ.

ಆ ಬೆಳಿಗ್ಗೆ ಭಟ್ಟಿಯಣ್ಣನ ಹೆಂಡತಿಯ ಫೋನು ಬಂತು. ವಿಷಯ ಎಂದಿನದ್ದೇ: "ನನ್ನ ತಮ್ಮನ್ನ ನಿನ್ನೆ ಎಲ್ರೆದುರು ಗದರಿದ್ರಂತೆ?" ಇವನು ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಹೂಂಗುಡುತ್ತಾ ದೊಡ್ಡ ಓವನ್ನಿನಿಂದ ಬಿಸಿ ಟ್ರೇ ಎಳೆಯಲು ಹೋದ. ಕೈಗೆ ಬಟ್ಟೆ ಬೇಕಾಯಿತು, ಹತ್ತಿರದಲ್ಲಿ ಸಿಕ್ಕಿದ್ದನ್ನು ಎಳೆದುಕೊಂಡ. ಟ್ರೇ ಇಳಿಸಿದ. "ನಾ ಗದರಲಿಲ್ಲ ಮಾರಾಯ್ತಿ, ಹೇಳಿಕೊಟ್ಟೆ" ಅಂದ. ಬನ್ನಿಗೆ ಹೊತ್ತಾಯಿತಲ್ಲ ಅಂತ, ಇಪ್ಪತ್ತು ವರ್ಷದಿಂದ ಮಾಡಿದ ಹಾಗೆ, ನೋಡದೆಯೇ ಚಿಕ್ಕ ಓವನ್ನಿನ ತಿರುಗಣೆ ತಿರುಗಿಸಿದ. ಕಣ್ಣಿಗಿಂತ ಕೈ ಮುಂದಿತ್ತು.

ಬನ್ನಿನ ಟ್ರೇ ಹಿಡಿದು ಬಂದು ಚಿಕ್ಕ ಓವನ್ನಿನ ಬಾಗಿಲು ತೆರೆದವನು ಪಾದರಸ. "ಭಾವಾ!" ಅಂತ ಅವನು ಕೂಗಿದ ಕೂಗಿಗೆ ಗಲ್ಲಾದಕ್ಕ ಗಿರಾಕಿಯ ಚಿಲ್ಲರೆ ಹಾಗೇ ಬಿಟ್ಟು ಒಳಗೆ ಓಡಿ ಬಂದಳು. ಜಾಡಿಯೊಳಗೆ ಅಮ್ಮಾವ್ರು ಕಂದು ಬಣ್ಣದ ಇಟ್ಟಿಗೆಯಾಗಿ ಕೂತಿದ್ದರು. ಗಾಜು ಉದ್ದಕ್ಕೆ ಸೀಳಿತ್ತು.

ಪಾದರಸ ಅಂದರೆ ಭಟ್ಟಿಯಣ್ಣನ ಹೆಂಡತಿಯ ತಮ್ಮ. ಒಂದು ಕಡೆ ನಿಲ್ಲದವನು ಅಂತ ಮನೆಯವರೇ ಇಟ್ಟ ಹೆಸರು. ಗಾಡಿ ಓಡಿಸಿದ, ಬಿಟ್ಟ. ಫೋನ್ ರಿಪೇರಿ ಕಲಿತ, ಅಂಗಡಿಯವರೇ ಬಿಡಿಸಿದರು. ಬಟ್ಟೆ ಅಂಗಡಿಯಲ್ಲಿ ಎರಡು ತಿಂಗಳೂ ಆಗಲಿಲ್ಲ. ಕೊನೆಗೆ ಅಕ್ಕನ ಕಾಟ ತಾಳಲಾರದೆ ಭಾವ ಇಲ್ಲಿಗೆ ತಂದು ಸೇರಿಸಿದ. ಏನಾಶ್ಚರ್ಯವೋ, ಹಿಟ್ಟು ನಾದುವ ಕೆಲಸ ಅವನ ಕೈಗೆ ಹತ್ತಿತು. ವರ್ಷ ಕಳೆಯಿತು, ಇನ್ನೊಂದರ್ಧ ಕಳೆಯಿತು, ಪಾದರಸ ಹರಿದುಹೋಗಲಿಲ್ಲ. "ಈಗ ನನಗೆ ರಾತ್ರಿ ನಿದ್ದೆ ಬರುತ್ತೆ ಕಣ್ರೀ" ಅಂತ ಅಕ್ಕ ಗಂಡನ ಮುಂದೆ ಕಣ್ಣೊರೆಸಿಕೊಂಡಿದ್ದಳು.

ಯಜಮಾನರು ಮೇಲಿನ ಕೋಣೆಯಿಂದ ಇಳಿದು ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೀಳಿದ ಜಾಡಿಯನ್ನು ಮಗುವನ್ನೆತ್ತಿಕೊಂಡ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಕೇಳಿದರು, "ಯಾರು?"

ಆ ಹೊತ್ತಿಗೆ ಒಳಗಿದ್ದವರು ಇಬ್ಬರೇ, ಭಾವ ಮತ್ತು ಭಾವಮೈದ. ಭಟ್ಟಿಯಣ್ಣ ಬಾಯಿ ತೆರೆದ. ಅಷ್ಟರಲ್ಲಿ ಪಾದರಸ ತೊದಲಿದ, "ಬೆಳಿಗ್ಗೆ ಉಳಿದೆರಡು ಓವನ್ನು ಹಚ್ಚಿದ್ದು ನಾನು. ಇದನ್ನೂ ಹಚ್ಚಿಬಿಟ್ನೋ ಏನೋ... ಬಟ್ಟೆ ಇತ್ತಾ ಇರಲಿಲ್ವಾ, ನೆನಪೇ ಆಗ್ತಿಲ್ಲ."

ಅವನು ನಿಜ ಹೇಳುತ್ತಿದ್ದ, ಪಾಪ. ಹೋದಲ್ಲೆಲ್ಲ ಕೆಲಸ ಬಿಡಿಸಿಕೊಂಡು ಬಂದವನು, ಎಲ್ಲಿ ಏನು ಒಡೆದರೂ ನಾನೇ ಇರಬೇಕು ಅನ್ನುವ ಸ್ಥಿತಿಗೆ ಬಂದಿದ್ದ. ಕುಂಬಳಕಾಯಿ ಕಳ್ಳ ಅಂದರೆ ಕದಿಯದವನೇ ಹೆಗಲು ಮುಟ್ಟಿ ನೋಡಿಕೊಂಡ. ಕದ್ದವನು ಏಪ್ರನ್ನಿನ ಜೇಬಿನಲ್ಲಿ ಕೆಂಪು ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಗರ ಬಡಿದವನ ಹಾಗೆ ನಿಂತಿದ್ದ.

"ಸಾಯಂಕಾಲದೊಳಗೆ ಯಾರು ಅಂತ ಬಂದು ಹೇಳಿ" ಅಂದರು ಯಜಮಾನರು. "ಅವರಿಗೆ ನಾಳೆಯಿಂದ ಇಲ್ಲಿ ಕೆಲಸ ಇಲ್ಲ. ಯಾರೂ ಹೇಳದಿದ್ರೆ ಇಬ್ಬರಿಗೂ ಇಲ್ಲ." ಜಾಡಿ ಹೊತ್ತು ಮೆಟ್ಟಿಲು ಹತ್ತಿದರು.

ಈಗ ಇಸ್ಪೀಟಿನ ವಿಷಯಕ್ಕೆ ಬರೋಣ. ಈ ಬೇಕರಿಯಲ್ಲಿ ಯಜಮಾನರಿಗೆ ಗೊತ್ತಿಲ್ಲದ ಒಂದು ಪದ್ಧತಿ ಇತ್ತು. ಟ್ರೇ ಸೀದು ಹೋಯಿತು, ಮೊಟ್ಟೆ ಒಡೆಯಿತು, ಯಾರು ಮಾಡಿದ್ದು ಅಂತ ಪತ್ತೆ ಇಲ್ಲ ಅಂದರೆ ಒಬ್ಬರ ಮೇಲೊಬ್ಬರು ಬೆರಳು ತೋರಿಸುವಂತಿಲ್ಲ. ಎಲೆ ಹಾಕಿ ಆಡಬೇಕು. ಸೋತವನು ಹೋಗಿ "ನನ್ನಿಂದಾಯ್ತು" ಅಂತ ತಲೆ ಬಗ್ಗಿಸಬೇಕು. ಇದನ್ನು ಶುರು ಮಾಡಿದ್ದು ಗಲ್ಲಾದಕ್ಕ. ಗಲ್ಲಾಕ್ಕೆ ಬರುವ ಮುಂಚೆ ಆಕೆ ಯಾವುದೋ ಕ್ಲಬ್ಬಿನಲ್ಲಿ ಎಲೆ ಹಂಚುವ ಕೆಲಸದಲ್ಲಿದ್ದಳು. ಅಲ್ಲಿಂದ ತಂದ ಆಟ ಒಮಾಹಾ. "ಜಗಳ ಆಡಿ ಮುಖ ಕೆಡಿಸ್ಕೊಳ್ಳೋದಕ್ಕಿಂತ ಆಟ ಆಡಿ ಕೆಡಿಸ್ಕೊಳ್ಳಿ" ಅನ್ನುವುದು ಅವಳ ಮಾತು. ಇಲ್ಲಿಯವರೆಗೆ ಪದ್ಧತಿ ಸಣ್ಣಪುಟ್ಟದ್ದಕ್ಕೆಲ್ಲ ಚೆನ್ನಾಗಿಯೇ ನಡೆದಿತ್ತು.

"ಇದಕ್ಕೂ ಆಡೋಣ್ವಾ ಭಾವ?" ಅಂತ ಕೇಳಿದವನು ಪಾದರಸನೇ. "ನನಗೆ ನಿಜವಾಗ್ಲೂ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಎಲೆ ಏನು ಹೇಳುತ್ತೋ ಹೇಳಲಿ."

'ನಿಮಗೂ ಗೊತ್ತಿಲ್ಲ.' ಆ ಎರಡು ಮಾತು ಭಟ್ಟಿಯಣ್ಣನ ಎದೆಗೆ ಮುಳ್ಳಿನ ಹಾಗೆ ನಾಟಿತು. ಆದರೆ "ಆಗಲಿ" ಅಂದ. ಅದಕ್ಕೂ ಮುಂಚೆಯೇ ಹಿತ್ತಿಲಿಗೆ ಹೋಗಿ ಕೆಂಪು ಬಟ್ಟೆಯನ್ನು ಕಸದ ಡಬ್ಬಕ್ಕೆ ಹಾಕಿ, ಮೇಲೆ ಮೊಟ್ಟೆ ಸಿಪ್ಪೆ ಸುರಿದು ಬಂದಿದ್ದ. ಥೂ!

ಮಧ್ಯಾಹ್ನದ ಬಿಡುವು. ನಾದುವ ಮೇಜನ್ನು ಒರೆಸಿ ಮೂವರೂ ಕೂತರು, ಎಲೆ ಹಂಚಲು ಗಲ್ಲಾದಕ್ಕ. ಪಣಕ್ಕೆ ಕೇಕಿಗೆ ತಂದಿಟ್ಟ ಅಕ್ರೋಟು ಕಾಯಿ, ಇಬ್ಬರಿಗೂ ಸಮಪಾಲು. ಯಾರ ಅಕ್ರೋಟು ಮೊದಲು ಖಾಲಿಯಾಗುತ್ತದೋ ಅವನು ಮೆಟ್ಟಿಲು ಹತ್ತಬೇಕು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬೊಬ್ಬರಿಗೆ ನಾಲ್ಕು ಎಲೆ, ಅವರವರೇ ನೋಡಿಕೊಳ್ಳಬೇಕು. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಮುಖ ಮೇಲಾಗಿ ಬೀಳುತ್ತವೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಆ ಕೊನೆಯದಕ್ಕೆ ರಿವರ್ ಅಂತ ಹೆಸರು. ಅದರಾಚೆ ಇನ್ನು ಎಲೆ ಇಲ್ಲ, ಆಸೆಯೂ ಇಲ್ಲ. ಪ್ರತಿ ಸಲ ಎಲೆ ಬಿದ್ದಾಗಲೂ ಪಣ ಇಡಬಹುದು, ಏರಿಸಬಹುದು, ಇಲ್ಲವೇ ಎಲೆ ಬಿಟ್ಟು ಕೈ ತೊಳೆದುಕೊಳ್ಳಬಹುದು. ಒಬ್ಬ ಬಿಟ್ಟರೆ ಇನ್ನೊಬ್ಬ ಎಲೆ ತೋರಿಸದೆಯೇ ಪಣವೆಲ್ಲ ಬಾಚಿಕೊಳ್ಳಬಹುದು. ಕಟ್ಟುನಿಟ್ಟಿನ ನಿಯಮ ಒಂದೇ: ಕೈಯ ನಾಲ್ಕರಲ್ಲಿ ಎರಡು, ನಡುವಿನ ಐದರಲ್ಲಿ ಮೂರು ಸೇರಿಸಿ ಐದೆಲೆಯ ಕೈ ಕಟ್ಟಬೇಕು, ದೊಡ್ಡ ಕೈ ಗೆಲ್ಲುತ್ತದೆ. ಕೈಯಿಂದ ಒಂದೂ ಅಲ್ಲ, ಮೂರೂ ಅಲ್ಲ, ಎರಡೇ ಎರಡು. ಈ ನಿಯಮ ಮರೆತು ಮೋಸ ಹೋಗದವರು ಕಡಿಮೆ.

ಮೊದಮೊದಲು ಭಟ್ಟಿಯಣ್ಣನಿಗೆ ಎಲೆಗಳೇ ಬರಲಿಲ್ಲ. ಬಂದರೂ ಬಿಟ್ಟ. ಅವನು ಹಾಗೇ ಆಡುವವನು, ಕೈಯಲ್ಲಿ ಇದ್ದರೆ ಇಡುತ್ತಾನೆ, ಇಲ್ಲದಿದ್ದರೆ ಬಿಡುತ್ತಾನೆ. "ಭಟ್ಟಿಯಣ್ಣ ಏರಿಸಿದ್ರೆ ಎದ್ದು ಹೋಗ್ಬಿಡಿ" ಅಂತ ಗಲ್ಲಾದಕ್ಕ ತಮಾಷೆ ಮಾಡುವುದಿತ್ತು. ಇವತ್ತು ಅವಳೂ ತಮಾಷೆ ಮಾಡಲಿಲ್ಲ. ಅಕ್ರೋಟುಗಳು ಮೆಲ್ಲಗೆ ಎದುರಿಗೆ ಸರಿದವು. ಭಟ್ಟಿಯಣ್ಣನಿಗೆ ಒಂದು ಕಡೆ ಭಯ, ಇನ್ನೊಂದು ಕಡೆ, ಸೋತರೆ ಸೋತೆ, ನ್ಯಾಯವೇ ಆಗುತ್ತೆ, ನಾನೇನೂ ಮಾಡಬೇಕಾಗಿಲ್ಲ ಅನ್ನುವ ಸಮಾಧಾನ. ತನ್ನ ಬಾಯಿಂದ ಬರಬೇಕಾದ ಮಾತನ್ನು ಎಲೆಯಿಂದ ಹೇಳಿಸಲು ಕೂತಿದ್ದ, ಹೇಡಿ.

ಆಗ ಬಂತು ಆ ಕೈ. ಕಳಾವರ್ ಎಕ್ಕ, ಆಠಿನ್ ರಾಜ, ಆಠಿನ್ ಗುಲಾಮ, ಡೈಮಂಡ್ ಒಂಬತ್ತು. ಗಲ್ಲಾದಕ್ಕ ನಡುವೆ ಮೂರು ಎಲೆ ಬಿಚ್ಚಿದಳು: ಕಳಾವರ್ ರಾಣಿ, ಆಠಿನ್ ಹತ್ತು, ಕಳಾವರ್ ಆರು. ಭಟ್ಟಿಯಣ್ಣ ಮನಸ್ಸಿನಲ್ಲೇ ಜೋಡಿಸಿ ನೋಡಿದ. ಎಂಟು ಬೀಳಲಿ, ಒಂಬತ್ತು ಬೀಳಲಿ, ಗುಲಾಮ, ರಾಜ, ಎಕ್ಕ ಯಾವುದೇ ಬೀಳಲಿ, ಒಂದರ ಹಿಂದೊಂದು ಐದು ಎಲೆಯ ಸಾಲು ಕೂಡುತ್ತದೆ. ಇಷ್ಟು ಬಾಗಿಲು ತೆರೆದಿರುವಾಗ ಹೊರಗೆ ನಿಲ್ಲುವವರುಂಟೇ? ಇಟ್ಟ. ಪಾದರಸನೂ ಇಟ್ಟ. ನಾಲ್ಕನೇ ಎಲೆ ಡೈಮಂಡ್ ಎರಡು, ಯಾರಿಗೂ ಬೇಡದ್ದು. ಮತ್ತೆ ಇಟ್ಟರು. ನಡುವೆ ಅಕ್ರೋಟಿನ ಗುಡ್ಡೆಯಾಯಿತು. ಭಟ್ಟಿಯಣ್ಣನ ಮುಂದೆ ಉಳಿದದ್ದು ಒಂದು ಹಿಡಿ, ಪಾದರಸನ ಮುಂದೆ ಅದಕ್ಕಿಂತ ಐದಾರು ಹೆಚ್ಚು.

ಗಲ್ಲಾದಕ್ಕ ರಿವರ್ ಬಿಚ್ಚಿದಳು. ಕಳಾವರ್ ಮೂರು.

ತೆರೆದಿದ್ದ ಬಾಗಿಲೆಲ್ಲ ಒಟ್ಟಿಗೆ ಧಡಾರನೆ ಮುಚ್ಚಿದವು. ಸಾಲೂ ಇಲ್ಲ, ಜೋಡಿಯೂ ಇಲ್ಲ. ಭಟ್ಟಿಯಣ್ಣನ ಕೈಯಲ್ಲಿ ಈಗ ಕಸ. ನಡುವೆ ಮೂರು ಕಳಾವರ್ ಬಿದ್ದಿವೆ, ಯಾರ ಕೈಯಲ್ಲಿ ಎರಡು ಕಳಾವರ್ ಇವೆಯೋ ಅವರಿಗೆ ಐದೂ ಒಂದೇ ಜಾತಿಯ ಫ್ಲಶ್. ಇವನ ಹತ್ತಿರ ಕಳಾವರ್ ಇರುವುದು ಒಂದೇ. ಎಕ್ಕವೇ ಆದರೂ ಒಂದು ಒಂದೇ.

ಪಾದರಸ ಎಲೆಗಳನ್ನು ನೋಡಿ, ಕೆಳಗಿಟ್ಟು, ನಾಲ್ಕು ಅಕ್ರೋಟು ಮುಂದೆ ತಳ್ಳಿದ. ಅವನ ಕಿವಿ ಕೆಂಪಾಗಿತ್ತು. ಫ್ಲಶ್ ಬಂದಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಚಿಕ್ಕಂದಿನಿಂದಲೂ ಅವನ ಗುಟ್ಟೆಲ್ಲ ಕಿವಿಯಲ್ಲೇ.

ಬಿಡೋದು. ಅಷ್ಟೇ ತಾನೆ? ಎಲೆ ಬಿಟ್ಟರೆ ಮುಂದಿನ ಒಂದೆರಡು ಆಟದಲ್ಲಿ ಕಥೆ ಮುಗಿಯುತ್ತದೆ. ಮೆಟ್ಟಿಲು ಹತ್ತುತ್ತೇನೆ, ನನ್ನಿಂದಾಯ್ತು ಅನ್ನುತ್ತೇನೆ. ಅದು ನಿಜವೂ ಹೌದು. ಇಪ್ಪತ್ತು ವರ್ಷದ ಆಳು, ಯಜಮಾನರು ಕೋಪದಲ್ಲಿ ಕಳಿಸಿದರೂ ಹತ್ತು ದಿನದಲ್ಲಿ ಕರೆಸಿಕೊಳ್ಳುತ್ತಾರೆ. ಪಾದರಸನನ್ನು ಕಳಿಸಿದರೆ ಕರೆಸಿಕೊಳ್ಳುವವರಿಲ್ಲ. ಇಷ್ಟೆಲ್ಲ ಲೆಕ್ಕ ಭಟ್ಟಿಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ತಿಳಿಯದೆ ಮಾಡಿದ ಅಂತ ಅವನ ಪರವಾಗಿ ವಾದ ಮಾಡಲು ನನ್ನಿಂದಾಗದು.

ಆದರೆ ಮೆಟ್ಟಿಲ ಮೇಲಿನ ಕೋಣೆ ನೆನಪಾಯಿತು. ಹಾಸಿಗೆ ಹಿಡಿದಿದ್ದ ಯಜಮಾನರ ಹೆಂಡತಿ ಅದೇ ಕೋಣೆಯಲ್ಲಿ ಇವನ ಕೈಗೆ ಮರದ ಸೌಟು ಕೊಟ್ಟು ಹೇಳಿದ್ದಳು, "ಇವರಿಗೆ ಉಣ್ಣೋದು ಗೊತ್ತು, ಉಣಿಸೋದು ಗೊತ್ತಿಲ್ಲ. ನೀನು ನೋಡ್ಕೋಪ್ಪ." ಅಂದಿನಿಂದ ಜಾಡಿಗೆ ಸೌಟು ಹಾಕುವ ಹಕ್ಕು ಇವನೊಬ್ಬನದು. ಯಜಮಾನರೂ ಮುಟ್ಟುತ್ತಿರಲಿಲ್ಲ. ಇವನು ಉಣಿಸುವಾಗ ಸುಮ್ಮನೆ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಆ ಮನುಷ್ಯನ ಎದುರು ನಿಂತು, ನಿಮ್ಮ ಹೆಂಡ್ತಿ ನನ್ನ ಕೈಗೆ ಕೊಟ್ಟದ್ದನ್ನ ಫೋನಲ್ಲಿ ಮಾತಾಡ್ತಾ ಸುಟ್ಟೆ ಅನ್ನುವುದೇ? ಕೆಲಸ ಹೋದರೆ ಹೋಗಲಿ, ಆ ನೋಟವೊಂದು ಬೇಡ. ನೆಲ ಬಾಯಿ ಬಿಟ್ಟು ನುಂಗಿದರೂ ಸರಿ, ಆ ನೋಟ ಬೇಡ.

ಎಲೆಗಳನ್ನು ಇನ್ನೊಮ್ಮೆ ನೋಡಿದ. ಕಳಾವರ್ ಎಕ್ಕ ಅವನನ್ನೇ ನೋಡುತ್ತಿತ್ತು. ಎಕ್ಕ ನನ್ನ ಹತ್ತಿರ ಇದೆ ಅಂದರೆ ಅವನ ಹತ್ತಿರ ಇಲ್ಲ. ಅವನ ಫ್ಲಶ್ ಎಷ್ಟೇ ದೊಡ್ಡದಿರಲಿ, ಎಲ್ಲಕ್ಕಿಂತ ದೊಡ್ಡದಾದ ಎಕ್ಕದ ಫ್ಲಶ್ಶಿಗೆ ಅವನು ಹೆದರಲೇಬೇಕು. ಆ ಹೆದರಿಕೆಯನ್ನು ತೀರಿಸುವ ಎಲೆ ನನ್ನ ಕೈಯಲ್ಲಿ ಬಂಧಿ. ಮೇಲಾಗಿ ಏರಿಸುತ್ತಿರುವವನು ಯಾರು? ಸುಮ್ಮನೆ ಏರಿಸದ ಭಟ್ಟಿಯಣ್ಣ. ಇಪ್ಪತ್ತು ವರ್ಷ ಕೂಡಿಟ್ಟ ಒಳ್ಳೇ ಹೆಸರನ್ನೆಲ್ಲ ಒಂದೇ ಸಲ ಖರ್ಚು ಮಾಡಲು ಇಂಥ ಗಳಿಗೆ ಇನ್ನೊಂದು ಸಿಗದು.

ತನ್ನ ಮುಂದಿದ್ದ ಅಕ್ರೋಟನ್ನೆಲ್ಲ ಎರಡೂ ಕೈಯಿಂದ ಬಳಿದು ನಡುವೆ ತಳ್ಳಿದ.

"ಎಲ್ಲಾನೂನಾ?" ಅಂದ ಪಾದರಸ.

"ಎಲ್ಲಾನೂ."

ಪಾದರಸ ತುಟಿ ಕಚ್ಚಿಕೊಂಡ. ನಡುವಿನ ಎಲೆಗಳನ್ನು ನೋಡಿದ, ತನ್ನ ಎಲೆಗಳನ್ನು ನೋಡಿದ, ಭಾವನ ಮುಖವನ್ನು ನೋಡಿದ. ಒಪ್ಪಿ ಎಲೆ ತೋರಿಸಿ ಗೆದ್ದರೆ ಆಟ ಅಲ್ಲಿಗೇ ಮುಗಿದು ಅವನು ಉಳಿಯುತ್ತಾನೆ. ಸೋತರೆ ಉಳಿಯುವುದು ಐದಾರೇ, ಮುಳುಗಿದ ಹಾಗೆಯೇ. ಬಿಟ್ಟರೆ ಒಂದು ಹಿಡಿಯಷ್ಟಾದರೂ ಕೈಯಲ್ಲಿ ಉಳಿಯುತ್ತದೆ.

"ಭಾವ, ಒಂದು ಕೇಳ್ಲಾ? ಹೇಳ್ಬೇಕು ಅಂತೇನಿಲ್ಲ."

"ಕೇಳು."

"ಕಳಾವರ್ ಎಕ್ಕ ನಿಮ್ಮತ್ರ ಇದೆಯಾ?"

ಗಲ್ಲಾದಕ್ಕ ತಲೆಯೆತ್ತಿದಳು. ಆಟದಲ್ಲಿ ಏನು ಬೇಕಾದರೂ ಕೇಳಬಹುದು, ಏನು ಬೇಕಾದರೂ ಹೇಳಬಹುದು. ಸುಳ್ಳು ಹೇಳಿದರೂ ತಪ್ಪಿಲ್ಲ. ಆದರೆ ಭಟ್ಟಿಯಣ್ಣ ಸುಳ್ಳು ಹೇಳಲಿಲ್ಲ.

"ಇದೆ" ಅಂದ.

ಅದರ ಜೊತೆಗೆ ಇನ್ನೊಂದು ಕಳಾವರ್ ಇದೆಯಾ ಅಂತ ಕೇಳಲು ಪಾದರಸನಿಗೆ ಹೊಳೆಯಲಿಲ್ಲ. ಎಕ್ಕ ಇದೆ ಅಂದಮೇಲೆ ಮುಗಿಯಿತು ಅಂದುಕೊಂಡ. ಉದ್ದಕ್ಕೆ ಉಸಿರು ಬಿಟ್ಟು, ತನ್ನ ಎಲೆಗಳಲ್ಲಿ ಎರಡನ್ನು ಮುಖ ಮೇಲೆ ಮಾಡಿ ಮೇಜಿನ ಮೇಲಿಟ್ಟ. ಕಳಾವರ್ ರಾಜ, ಕಳಾವರ್ ಏಳು.

"ಇಂಥದ್ದನ್ನ ಬಿಡ್ತಿದೀನಿ, ನೋಡಿ. ನೀವಲ್ಲದೆ ಬೇರೆ ಯಾರೇ ಏರಿಸಿದ್ರೂ ಬಿಡ್ತಿರ್ಲಿಲ್ಲ."

ಎಕ್ಕ ಇವನ ಕೈಯಲ್ಲಿರುವಾಗ ಆ ಮೇಜಿನ ಮೇಲೆ ಆ ರಾಜನಿಗಿಂತ ದೊಡ್ಡ ಕೈ ಯಾರ ಬಳಿಯೂ ಇರಲು ಸಾಧ್ಯವಿರಲಿಲ್ಲ. ಭಟ್ಟಿಯಣ್ಣ ತನ್ನ ನಾಲ್ಕೂ ಎಲೆಯನ್ನು ಬೋರಲಾಗಿಯೇ ಗಲ್ಲಾದಕ್ಕನ ಕಡೆ ಸರಿಸಿದ. ಅವಳು ಕಟ್ಟಿಗೆ ಸೇರಿಸುವಾಗ ಹೆಬ್ಬೆರಳಲ್ಲಿ ಅಂಚು ಎತ್ತಿ ನೋಡಿದಳು. ಅದು ಕ್ಲಬ್ಬಿನ ಕಾಲದ ಚಾಳಿ. "ಆಟ ಚೆನ್ನಾಗಿ ಆಡಿದ್ರಿ" ಅಂದಳು ಅಷ್ಟೇ.

ಆಮೇಲೆ ಪಾದರಸನ ಗಾಳಿ ಹೋಗಿತ್ತು. ಉಳಿದ ಒಂದು ಹಿಡಿ ಮುಂದಿನ ಆಟಗಳಲ್ಲಿ ಕರಗಿತು. ಕೊನೆಯ ಅಕ್ರೋಟು ತಳ್ಳಿ ಸೋತಾಗ ಅವನು ನಗಲು ನೋಡಿದ. "ಸರಿ ಬಿಡಿ. ನಾನೇ ಹಚ್ಚಿರ್ಬೇಕು. ಎಲೆಗೂ ಗೊತ್ತಾಯ್ತು" ಅಂದ. ಕೈಗೆ ಹತ್ತಿದ್ದ ಹಿಟ್ಟನ್ನು ಉಜ್ಜಿ ಉಜ್ಜಿ ತೊಳೆದುಕೊಂಡು ಮೆಟ್ಟಿಲು ಹತ್ತಿದ.

ಇಳಿದು ಬಂದಾಗ ಕಿವಿ ಬಿಳುಚಿತ್ತು. ಏಪ್ರನ್ನು ಬಿಚ್ಚಿ, ನೀಟಾಗಿ ಮಡಿಸಿ, ಹಿಟ್ಟಿನ ಚೀಲದ ಮೇಲಿಟ್ಟ. "ಅಕ್ಕನಿಗೆ ನಾನೇ ಹೇಳ್ತೀನಿ ಭಾವ, ನೀವು ಹೇಳ್ಬೇಡಿ" ಅಂತ ಹಿಂದಿನ ಬಾಗಿಲಿಂದ ಹೋದ.

ಆ ಮಡಿಸಿದ ಏಪ್ರನ್ನನ್ನು ನೋಡುತ್ತಾ ಭಟ್ಟಿಯಣ್ಣನಿಗೆ ತಡೆಯಲಾಗಲಿಲ್ಲ. ಒಂದು ಟ್ರೇ ತುಂಬಿದ, ಇನ್ನೊಂದು ತುಂಬಿದ, ಮೂರನೆಯದನ್ನು ಅರ್ಧಕ್ಕೇ ಬಿಟ್ಟು ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಹೋದ. ಈಗ ಹೇಳಿಬಿಡಬೇಕು. ಆ ನೋಟ ನೋಡೇಬಿಡಬೇಕು.

ಯಜಮಾನರು ಕಿಟಕಿಯ ಬಳಿ ಕೂತು ಸೀಳಿದ ಜಾಡಿಯೊಳಗಿಂದ ಕಂದು ಚೂರುಗಳನ್ನು ಚಮಚದಲ್ಲಿ ಕೆರೆದು ಕೆರೆದು ನೋಡುತ್ತಿದ್ದರು, ಒಳಗೆಲ್ಲಾದರೂ ಹಸಿ ಉಳಿದಿದೆಯೋ ಅಂತ.

"ಯಜಮಾನ್ರೇ, ಅವನಲ್ಲ. ನಾನು. ನಾನೇ ಹಚ್ಚಿದ್ದು."

ಯಜಮಾನರು ಚಮಚ ಕೆಳಗಿಟ್ಟರು. "ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು."

ಇವರಿಗೆ ಆಗಲೇ ಗೊತ್ತಾಗಿತ್ತು ಅಂದುಕೊಂಡ ಭಟ್ಟಿಯಣ್ಣ.

"ಹೆಂಡ್ತಿ ತಮ್ಮ. ಕರುಳು ಕೇಳಬೇಕಲ್ಲ. ಆದ್ರೆ ಇದೊಂದು ವಿಷಯಕ್ಕೆ ನನ್ನ ಹತ್ರ ಸುಳ್ಳು ಹೇಳ್ಬೇಡ. ನೀನು ಆ ಜಾಡೀನ ಹೇಗೆ ನೋಡ್ಕೊಂಡಿದೀಯ ಅಂತ ನಾನು ದಿನಾ ಪಕ್ಕದಲ್ಲೇ ನಿಂತು ನೋಡಿದೀನಿ."

"ಹಾಗಲ್ಲ ಯಜಮಾನ್ರೇ, ನಿಜವಾಗ್ಲೂ..."

"ಸಾಕು. ಅವಳು ಯಾರ ಕೈಗೆ ಕೊಡ್ಬೇಕೋ ಅವರ ಕೈಗೇ ಕೊಟ್ಟು ಹೋದಳು." ಮುದುಕರ ಕಣ್ಣು ತುಂಬಿತು. ಎದ್ದು ಬಂದು ಭಟ್ಟಿಯಣ್ಣನ ಭುಜದ ಮೇಲೆ ಕೈಯಿಟ್ಟರು. "ಇನ್ನೊಂದು ಜಾಡಿ ತರ್ಸ್ತೀನಿ. ಮೊದಲಿಂದ ಶುರು ಮಾಡೋಣ. ನೀನೇ ಮಾಡು."

ಕೆಂಪು ಬಟ್ಟೆ ಕಸದ ಡಬ್ಬದಲ್ಲಿದೆ, ಬನ್ನಿ ತೋರಿಸ್ತೀನಿ ಅಂದಿದ್ದರೆ ಸಾಕಿತ್ತು. ಆ ಹೊತ್ತಿಗೆ ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದೆ ಅಂತ ನನ್ನ ಹೆಂಡತಿಯನ್ನೇ ಕೇಳಿ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಗೊತ್ತೇ? ಯಜಮಾನರು ನಂಬಲಿಲ್ಲ ಅಂತ ಖಚಿತವಾದ ಕೂಡಲೇ ಅವನ ಮೈಯೆಲ್ಲ ಹಗುರಾಯಿತು. ಹೇಳಿದ ಹಾಗೂ ಆಯಿತು, ಆ ನೋಟವೂ ತಪ್ಪಿತು. ಆ ಹಗುರಕ್ಕೆ ತನಗೇ ಹೇಸಿಗೆಯಾಯಿತು. ಹೇಸಿಗೆಯಾದರೂ ಬಾಯಿ ತೆರೆಯಲಿಲ್ಲ. ತಲೆ ಬಗ್ಗಿಸಿ ಇಳಿದು ಬಂದು ಅರ್ಧ ಬಿಟ್ಟಿದ್ದ ಟ್ರೇ ತುಂಬಿದ.

ಸಾಯಂಕಾಲ ಮನೆಗೆ ಹೋದರೆ ಪಾದರಸ ಅಲ್ಲೇ ಗೋಡೆಗೊರಗಿ ಕೂತಿದ್ದ. ಯಜಮಾನರು ಗಲ್ಲಾದಕ್ಕನಿಗೆ ಹೇಳಿ, ಆಕೆ ಫೋನು ಮಾಡಿ, ಸುದ್ದಿ ಆಗಲೇ ಮನೆ ಮುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ಗಂಡನ ಎರಡೂ ಕೈ ಹಿಡಿದುಕೊಂಡಳು. ಅತ್ತು ಅತ್ತು ಮುಖ ಊದಿತ್ತು.

"ಮಾಡದ ತಪ್ಪನ್ನ ತಲೆ ಮೇಲೆ ಹಾಕ್ಕೊಳ್ಳೋಕೆ ಹೋದ್ರಂತಲ್ರೀ. ಒಡಹುಟ್ಟಿದೋರೂ ಹೀಗೆ ಮಾಡಲ್ಲ." ತಮ್ಮನ ಕಡೆ ತಿರುಗಿದಳು. "ನೋಡೋ, ನೋಡಿ ಕಲಿ! ಎಲ್ಲಿ ಹೋದ್ರೂ ನಿನ್ನ ಹಣೆಬರಹ ಇದೇ. ಇವರ ಮಾನಾನೂ ತೆಗೆದ್ಯಲ್ಲೋ!"

"ಅವನನ್ನ ಬೈಬೇಡ ಕಣೇ" ಅಂದ ಭಟ್ಟಿಯಣ್ಣ. "ಮಾಡಿದ್ದು ನಾನೇ."

ಎಂಥ ದನಿಯಲ್ಲಿ ಅಂದ ಅಂತೀರಿ? ಮೆತ್ತಗೆ, ಸಮಾಧಾನ ಮಾಡುವವನ ದನಿಯಲ್ಲಿ. ನಂಬಬೇಡ ಅಂತ ಬೇಡಿಕೊಳ್ಳುವ ದನಿ ಅದು. ಅವಳು ನಂಬಲಿಲ್ಲ. "ಸಾಕು ಬಿಡಿ, ನಿಮ್ಮ ಒಳ್ಳೇತನ" ಅಂತ ಮೂಗೊರೆಸಿಕೊಂಡು ಒಳಗೆ ಹೋಗಿ ತಟ್ಟೆ ಹಾಕಿದಳು. ಗಂಡನ ತಟ್ಟೆಗೆ ಎಲ್ಲವನ್ನೂ ಒಂದು ಸೌಟು ಹೆಚ್ಚಾಗಿ ಬಡಿಸಿದಳು. ಅವನು ಉಂಡ. ಪೂರ್ತಿ ಉಂಡ.

ಊಟವಾದ ಮೇಲೆ ಪಾದರಸ ಹೊರಟ. ಭಟ್ಟಿಯಣ್ಣ ಕೆಳಗಿನ ಗೇಟಿನವರೆಗೂ ಅವನ ಜೊತೆ ಹೋದ. ಬೀದಿದೀಪ ಉರಿಯುತ್ತಿತ್ತು. ಪಾದರಸ ಚಪ್ಪಲಿಯ ತುದಿಯಿಂದ ನೆಲ ಕೆರೆದ.

"ಭಾವ, ನೀವು ಮೇಲೆ ಹೋಗಿ ನನಗೋಸ್ಕರ ಹೇಳಿದ್ರಲ್ಲ. ಅದನ್ನ ಸಾಯೋವರೆಗೂ ಮರೆಯಲ್ಲ. ನನಗೋಸ್ಕರ ಯಾರೂ ಹಾಗೆ ಹೇಳಿದ್ದಿಲ್ಲ."

ಭಟ್ಟಿಯಣ್ಣ ಗೇಟಿನ ಕಂಬಿ ಹಿಡಿದುಕೊಂಡ.

"ಒಂದೇ ಒಂದು ವಿಷಯ ತಲೆ ತಿಂತಾ ಇದೆ" ಅಂದ ಪಾದರಸ. "ಮನೆಗೆ ಬರ್ತಾ ದಾರೀಲಿ ಹೊಳೀತು. ಆ ಆಟದಲ್ಲಿ ಎಕ್ಕ ಇದೆ ಅಂದ್ರಲ್ಲ. ಅದೊಂದೇ ಇದ್ರೆ ಆಗಲ್ವಲ್ಲ. ಜೊತೆಗೆ ಇನ್ನೊಂದು ಕಳಾವರ್ ಇತ್ತಾ?"

ಅವನ ಮುಖದಲ್ಲಿ ಅನುಮಾನ ಇರಲಿಲ್ಲ. ಕಿವಿಯೂ ಕೆಂಪಾಗಿರಲಿಲ್ಲ. ನಾನು ಸರಿಯಾಗಿ ಆಡಿದೆನಾ, ಇದೊಂದಾದರೂ ಸರಿಯಾಗಿ ಮಾಡಿದೆನಾ ಅಂತ ಅಷ್ಟೇ ತಿಳಿಯಬೇಕಾಗಿತ್ತು ಅವನಿಗೆ. ಭಟ್ಟಿಯಣ್ಣ ಇಲ್ಲ ಅಂದುಬಿಟ್ಟರೆ, ಯಾಕೆ ಭಾವ, ಅಷ್ಟೊಂದು ಯಾಕೆ ಗೆಲ್ಲಬೇಕಿತ್ತು ನಿಮಗೆ ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ಅದಕ್ಕೆ ಉತ್ತರ ಒಂದೇ. ಆ ಉತ್ತರವನ್ನು ಪಾದರಸ ನಂಬುತ್ತಾನೆ.

"ಇತ್ತು" ಅಂದ ಭಟ್ಟಿಯಣ್ಣ.

"ಇದ್ದೇ ಇರುತ್ತೆ ಅಂದ್ಕೊಂಡೆ" ಅಂತ ಪಾದರಸ ನಕ್ಕ, ಆ ದಿನಕ್ಕೆ ಮೊದಲನೇ ಸಲ. "ಹಾಗಿದ್ರೆ ಬಿಟ್ಟಿದ್ದು ಸರಿಯಾಯ್ತು" ಅಂತ ಬೀದಿ ದಾಟಿ ಹೋದ.